ಗೋಲಿನಾಚೆಯ ಅಳತೆಗೋಲು

ಕಾಲ್ಚೆಂಡಾಟದಲ್ಲಿ ಚೆಂಡನ್ನು ಒಮ್ಮೆಯೂ ಮುಟ್ಟದೆ ಸೋಲಿನ ಹೊಣೆಯನ್ನೆಲ್ಲ ಹೊರಬೇಕಾದವನು ತಂಡದ ತರಬೇತುದಾರ. ಬಿಳಿಗೆರೆಯ ಹೊರಗೆ ನಿಂತು ತೊಂಬತ್ತು ನಿಮಿಷ ಕೈಬೀಸುವುದು, ದಣಿದ ಆಟಗಾರನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಒಳಗೆ ಕಳಿಸುವುದು, ಆಟ ಮುಗಿದ ಮೇಲೆ ಪತ್ರಕರ್ತರಿಗೆ ಉತ್ತರ ಹೇಳುವುದು: ನೋಡುವವರ ಕಣ್ಣಿಗೆ ಕಾಣುವ ಅವನ ಕೆಲಸ ಇಷ್ಟೆ. ಆದರೂ ಆಟಗಾರರಿಗಿಂತ ಹೆಚ್ಚು ಮಾತಿಗೆ ಗುರಿಯಾಗುವವನು ಅವನೇ. ಅಭಿಮಾನಿಗಳು ಅವನನ್ನು ಎರಡು ತಕ್ಕಡಿಗಳಲ್ಲಿ ತೂಗುತ್ತಾರೆ. ತಂಡಕ್ಕೆ ಎಂಥವರನ್ನು ಕರೆತಂದ ಎಂಬುದು ಒಂದು. ಅವನ ಸ್ವಭಾವ ಎಂಥದು ಎಂಬುದು ಇನ್ನೊಂದು. ಈ ತೂಗುವಿಕೆ ತಪ್ಪೇನೂ ಅಲ್ಲ. ಆದರೆ ಬಹುತೇಕ ಸಂದರ್ಭಗಳಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ತೀರ್ಪು ಹೊರಬೀಳುತ್ತದೆ. ಗೆದ್ದರೆ ಎರಡು ತಟ್ಟೆಗಳಲ್ಲಿಯೂ ಬಂಗಾರ, ಸೋತರೆ ಎರಡರಲ್ಲಿಯೂ ಮಣ್ಣು. ಇಂಥ ತೂಕವನ್ನು ತೂಕವೆನ್ನಬಹುದೆ ಎಂಬ ಪ್ರಶ್ನೆ ಆಟವನ್ನು ಪ್ರೀತಿಸುವವರೆಲ್ಲರಿಗೂ ಸಂಬಂಧಿಸಿದ್ದು.

ಹೊಸೂರು, ಕೃಷ್ಣಗಿರಿ ಸೀಮೆಯ ಯುವಕರಿಗಂತೂ ಈ ಪ್ರಶ್ನೆ ಹತ್ತಿರದ್ದು. ಆಡಳಿತದ ಲೆಕ್ಕದಲ್ಲಿ ಈ ಸೀಮೆಯ ರಾಜಧಾನಿ ಮುನ್ನೂರು ಕಿಲೋಮೀಟರು ದೂರದ ಚೆನ್ನೈ. ದಿನನಿತ್ಯದ ಬದುಕಿನ ಲೆಕ್ಕದಲ್ಲಿ ನಲವತ್ತು ಕಿಲೋಮೀಟರು ದೂರದ ಬೆಂಗಳೂರೇ ಪೇಟೆ, ಬೆಂಗಳೂರೇ ಉದ್ಯೋಗ, ಬೆಂಗಳೂರೇ ಮನರಂಜನೆ. ಅತ್ತಿಬೆಲೆಯನ್ನು ದಾಟಿ ಹೋಗಿ ಕಂಠೀರವ ಕ್ರೀಡಾಂಗಣದಲ್ಲಿ ಆಟ ನೋಡಿ, ನಡುರಾತ್ರಿಗೆ ಮನೆ ಸೇರುವ ಹುಡುಗರು ಇಲ್ಲಿದ್ದಾರೆ. ಚೆನ್ನೈಯಿನ್ ಎಫ್‌ಸಿಯ ನೀಲಿಗೆ ಮನಸೋತವರೂ ಇಲ್ಲಿದ್ದಾರೆ. ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಎರಡು ತಂಡಗಳ ಅಭಿಮಾನಿಗಳು ಕೂರುವ ಇಂಥ ಊರುಗಳು ದೇಶದಲ್ಲಿ ಹೆಚ್ಚಿಲ್ಲ. ಎರಡೂ ಕಡೆಯ ಮಾತನ್ನು ಎರಡೂ ಕಿವಿಯಿಂದ ಕೇಳುವ ಈ ಗಡಿಯ ಅಭಿಮಾನಿ ಮನಸ್ಸು ಮಾಡಿದರೆ ಮಹಾನಗರದ ಅಭಿಮಾನಿಗಿಂತ ನ್ಯಾಯವಾಗಿ ತೂಗಬಲ್ಲ.

ತೂಗಲು ಬೇಕಾದ ಚರಿತ್ರೆಯಂತೂ ಕೈಗೆಟಕುವಷ್ಟು ಸಮೀಪದಲ್ಲಿದೆ. ಬೆಂಗಳೂರಿನ ಫುಟ್‌ಬಾಲ್ ಇಂದು ನಿನ್ನೆಯದಲ್ಲ. ಪ್ರತಿಷ್ಠಿತ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ, ಬ್ರಿಟಿಷ್ ಸೇನಾ ತಂಡಗಳ ಹಿಡಿತದಲ್ಲಿದ್ದ ಆ ಪ್ರಶಸ್ತಿಗೆ ಭಾರತೀಯರ ಹೆಸರನ್ನು ಮೊದಲು ಬರೆಯಿತು. ಮುಂದೆ ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳ ತಂಡಗಳು ಆಟವನ್ನು ಉಳಿಸಿಕೊಂಡು ಬಂದವು. ಆದರೆ ದೂರದೂರಿಂದ ಜನ ಬಂದು ತರಬೇತುದಾರನ ಬಗ್ಗೆ ವಾದಿಸುವಂಥ ಆಧುನಿಕ ಕ್ಲಬ್ ಎಂಬುದು ಹುಟ್ಟಿದ್ದು 2013ರ ಜುಲೈಯಲ್ಲಿ, ಜೆಎಸ್‌ಡಬ್ಲ್ಯು ಸಮೂಹವು ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿದಾಗ. ಆ ಮೊದಲ ವರ್ಷ ತಂಡ ಆಡಿದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅಲ್ಲಿಯೇ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ರೂಪುಗೊಂಡಿತು.

ಮೊದಲ ತರಬೇತುದಾರ ಆಶ್ಲಿ ವೆಸ್ಟ್‌ವುಡ್. ಇಂಗ್ಲೆಂಡಿನಿಂದ ಬಂದ ಅವರಿಗೆ ಭಾರತದ ಆಟದ ಪರಿಚಯವಿರಲಿಲ್ಲ. ಅವರ ತಂಡದಲ್ಲಿ ಸುನಿಲ್ ಛೆಟ್ರಿಯವರನ್ನು ಬಿಟ್ಟರೆ ಮನೆಮಾತಾದ ಹೆಸರುಗಳು ಕಡಿಮೆ. ಜಾನ್ ಜಾನ್ಸನ್, ಕರ್ಟಿಸ್ ಒಸಾನೊ, ಶಾನ್ ರೂನಿ ಎಂಬ ವಿದೇಶಿ ಆಟಗಾರರ ಹೆಸರುಗಳನ್ನು ಬೆಂಗಳೂರಿನವರು ಆಗಷ್ಟೇ ಕಲಿತರು. ಆ ತಂಡ ಮೊದಲ ಯತ್ನದಲ್ಲಿಯೇ 2013-14ರ ಐ-ಲೀಗ್ ಗೆದ್ದಿತು. ಎರಡನೆಯ ವರ್ಷದ ಕಥೆ ಇನ್ನೂ ಪಾಠದಾಯಕ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ. ಜಾನ್ಸನ್ ಗೋಲು ಹೊಡೆದರು. ಆಟ ಮುಗಿಯಲು ಮೂರು ನಿಮಿಷವಿದ್ದಾಗ ಬಾಗಾನಿನ ಬೆಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಪಂದ್ಯ ಸಮವಾಯಿತು, ಪ್ರಶಸ್ತಿ ಕೊಲ್ಕತ್ತಾಕ್ಕೆ ಹೋಯಿತು. ಆ ಮೂರು ನಿಮಿಷಗಳಿಂದ ವೆಸ್ಟ್‌ವುಡ್ ಅವರ ಎರಡು ವರ್ಷಗಳನ್ನು ಅಳೆದಿದ್ದರೆ ಅವರು ಊರು ಬಿಡಬೇಕಿತ್ತು. ಕ್ಲಬ್ ಹಾಗೆ ಅಳೆಯಲಿಲ್ಲ. ಮರುವರ್ಷ, 2015-16ರಲ್ಲಿ, ಅವರೇ ಎರಡನೆಯ ಬಾರಿಗೆ ಐ-ಲೀಗ್ ಗೆದ್ದುಕೊಟ್ಟರು.

ಅವರ ನಂತರ ಬಂದ ಅಲ್ಬರ್ಟ್ ರೋಕಾ ಇನ್ನೊಂದು ಬಗೆಯವರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿ ದುಡಿದಿದ್ದ ಇವರು ಚೆಂಡನ್ನು ಕಾಲಲ್ಲಿಟ್ಟುಕೊಂಡು ತಾಳ್ಮೆಯಿಂದ ಆಡುವ ಪದ್ಧತಿಯನ್ನು ತಂದರು. ಬಂದ ಕೆಲವೇ ತಿಂಗಳಲ್ಲಿ, 2016ರ ನವೆಂಬರಿನಲ್ಲಿ, ತಂಡ ಎಎಫ್‌ಸಿ ಕಪ್ಪಿನ ಫೈನಲಿಗೆ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಹಂತ ಮುಟ್ಟಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಸೇನಾ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತಿತು. ಅದೇ ಋತುವಿನ ಐ-ಲೀಗಿನಲ್ಲಿ ತಂಡಕ್ಕೆ ದೊರೆತದ್ದು ನಾಲ್ಕನೆಯ ಸ್ಥಾನ. ಒಬ್ಬನೇ ಮನುಷ್ಯ, ಒಂದೇ ಋತು: ಏಷ್ಯಾದ ವೇದಿಕೆಯಲ್ಲಿ ಚರಿತ್ರೆ, ಮನೆಯ ಅಂಗಳದಲ್ಲಿ ಹಿನ್ನಡೆ. ಯಾವುದನ್ನು ಹಿಡಿದು ಅಳೆಯಬೇಕು?

ರೋಕಾ ಅವರನ್ನೂ ಕ್ಲಬ್ ಉಳಿಸಿಕೊಂಡಿತು. 2017ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್ ಸೇರಿದಾಗ ಅವರ ಕಾಲದಲ್ಲಿ ಬಂದ ಆಟಗಾರರ ಪಟ್ಟಿಯನ್ನು ನೋಡಿದರೆ ಆಯ್ಕೆ ಎಂದರೇನು ಎಂಬುದು ತಿಳಿಯುತ್ತದೆ. ನಾರ್ವೆಯ ಕ್ಲಬ್ಬಿನಿಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ವೆನಿಜುವೆಲಾದ ಮೀಕು, ಸ್ಪೇನಿನ ಡಿಮಾಸ್ ಡೆಲ್ಗಾಡೊ, ಆಸ್ಟ್ರೇಲಿಯಾದ ಎರಿಕ್ ಪಾರ್ತಲು. ಒಬ್ಬೊಬ್ಬರೂ ತಂಡದ ಒಂದೊಂದು ಖಾಲಿ ಜಾಗಕ್ಕೆ ಸರಿಯಾಗಿ ಕೂತರು. ಹದಿನೆಂಟು ಪಂದ್ಯಗಳಲ್ಲಿ ನಲವತ್ತು ಅಂಕ ಗಳಿಸಿದ ಬೆಂಗಳೂರು ಲೀಗ್ ಪಟ್ಟಿಯ ತುದಿಯಲ್ಲಿ ನಿಂತಿತು. ಎರಡನೆಯ ಸ್ಥಾನದ ಚೆನ್ನೈಯಿನ್ ಎಂಟು ಅಂಕಗಳ ಹಿಂದಿತ್ತು. ಆದರೆ ಐಎಸ್‌ಎಲ್ ಕಪ್ಪನ್ನು ತೀರ್ಮಾನಿಸುವುದು ಫೈನಲ್. 2018ರ ಮಾರ್ಚ್ 17ರಂದು ಕಂಠೀರವದಲ್ಲಿಯೇ ನಡೆದ ಆ ಫೈನಲಿನಲ್ಲಿ ಚೆನ್ನೈಯಿನ್ 3-2ರಿಂದ ಗೆದ್ದಿತು. ಛೆಟ್ರಿಯವರ ಗೋಲಿನಿಂದ ಮುಂದಿದ್ದ ಆತಿಥೇಯರ ಮೇಲೆ ಮೈಲ್ಸನ್ ಆಲ್ವೆಸ್ ಎಂಬ ರಕ್ಷಣಾ ಆಟಗಾರ ಎರಡು ಸಲ ತಲೆಯಿಂದ ಗೋಲು ಹೊಡೆದರು. ಆ ರಾತ್ರಿ ಹೊಸೂರಿನಲ್ಲಿ ಒಂದೇ ಬೀದಿಯ ಒಂದು ಮನೆಯಲ್ಲಿ ಹಬ್ಬ, ಪಕ್ಕದ ಮನೆಯಲ್ಲಿ ಮೌನ ಎಂಬ ಸ್ಥಿತಿ ಇದ್ದಿದ್ದರೆ ಆಶ್ಚರ್ಯವಿಲ್ಲ.

ಗೆದ್ದ ಚೆನ್ನೈಯಿನ್ ತಂಡದ ತರಬೇತುದಾರ ಜಾನ್ ಗ್ರೆಗರಿ ಅವರ ಮುಂದಿನ ವರ್ಷವನ್ನು ನೋಡಬೇಕು. 2018-19ರಲ್ಲಿ ಅದೇ ತರಬೇತುದಾರ, ಬಹುಪಾಲು ಅದೇ ಆಟಗಾರರು. ಹದಿನೆಂಟು ಪಂದ್ಯಗಳಲ್ಲಿ ಗೆಲುವು ಎರಡೇ, ಅಂಕ ಒಂಬತ್ತೇ. ಚಾಂಪಿಯನ್ ತಂಡ ಪಟ್ಟಿಯ ಕಟ್ಟಕಡೆಯಲ್ಲಿ ನಿಂತಿತು. ಹನ್ನೆರಡು ತಿಂಗಳಲ್ಲಿ ಒಬ್ಬ ಮನುಷ್ಯನ ಬುದ್ಧಿ ಬತ್ತಿಹೋಗುವುದಿಲ್ಲ. ಗ್ರೆಗರಿಯವರನ್ನು ಮೊದಲ ವರ್ಷ ಮಹಾಚತುರರೆಂದೂ ಎರಡನೆಯ ವರ್ಷ ಕೈಲಾಗದವರೆಂದೂ ಕರೆದವರು ಎರಡು ಸಲವೂ ಅಂಕಪಟ್ಟಿಯನ್ನು ಓದಿದರೇ ಹೊರತು ಮನುಷ್ಯನನ್ನಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಕನ್ನಡದ ಮಾತು ಹುಟ್ಟಿದ್ದು ಇಂಥವರಿಗಾಗಿಯೇ.

ಆಟಗಾರರ ಆಯ್ಕೆಯ ವಿಷಯದಲ್ಲಿ ಈ ಬಾಲ ಹಿಡಿಯುವಿಕೆ ಇನ್ನಷ್ಟು ಸುಲಭ. 2022ರಲ್ಲಿ ಬೆಂಗಳೂರಿಗೆ ಬಂದ ಸೈಮನ್ ಗ್ರೇಸನ್ ಇಂಗ್ಲೆಂಡಿನ ಲೀಡ್ಸ್ ತಂಡವನ್ನು ನಡೆಸಿದ್ದವರು. ಅವರ ಜೊತೆಗೆ ಫಿಜಿಯ ರಾಯ್ ಕೃಷ್ಣ, ಭಾರತ ತಂಡದ ಸಂದೇಶ್ ಝಿಂಗನ್, ಸ್ಪೇನಿನ ಹಾವಿ ಹೆರ್ನಾಂಡೆಸ್ ಮೊದಲಾದ ಹೆಸರಾಂತ ಆಟಗಾರರು ತಂಡ ಸೇರಿದರು. ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಬಂತು. ಆಯ್ಕೆ ಅಮೋಘವೆಂಬ ಮಾತು ಬಂತು. ಆಮೇಲೆ ಲೀಗಿನ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು. ಅದೇ ಆಯ್ಕೆ ಮುದಿ ಹೆಸರುಗಳ ಸಂತೆಯಾಯಿತು. ಕೊನೆಗೆ ಸತತ ಎಂಟು ಲೀಗ್ ಪಂದ್ಯಗಳನ್ನು ಗೆದ್ದು ತಂಡ ನಾಲ್ಕನೆಯ ಸ್ಥಾನಕ್ಕೇರಿ, 2023ರ ಮಾರ್ಚ್ 18ರಂದು ಗೋವಾದಲ್ಲಿ ಫೈನಲ್ ಆಡಿ, ಮೋಹನ್ ಬಾಗಾನಿಗೆ ಪೆನಾಲ್ಟಿಗಳಲ್ಲಿ ಸೋತಿತು. ಆಟಗಾರರು ಅವರೇ. ಬದಲಾದದ್ದು ಅವರ ಬಗೆಗಿನ ವಿಶೇಷಣಗಳು ಮಾತ್ರ.

ಮರುವರ್ಷ ಕೃಷ್ಣ, ಝಿಂಗನ್, ಉದಾಂತ ಸಿಂಗ್ ತಂಡ ಬಿಟ್ಟರು. ಹೊಸಬರು ಬಂದರು. ಮುಂಚೂಣಿಗೆಂದು ತಂದ ಕರ್ಟಿಸ್ ಮೇನ್ ಅವರಿಂದ ನಿರೀಕ್ಷಿಸಿದಷ್ಟು ಗೋಲುಗಳು ಬರಲಿಲ್ಲ. 2023ರ ಡಿಸೆಂಬರಿನಲ್ಲಿ ಕಂಠೀರವದಲ್ಲಿ ಮುಂಬೈ ಸಿಟಿಗೆ 4-0ರಿಂದ ಸೋತ ಮರುದಿನವೇ ಗ್ರೇಸನ್ ಅವರ ಕಾಲ ಮುಗಿಯಿತು. ಋತುವಿನ ಕೊನೆಯಲ್ಲಿ ತಂಡ ಹನ್ನೆರಡರಲ್ಲಿ ಹತ್ತನೆಯದಾಗಿತ್ತು. ಆ ವರ್ಷದ ಆಯ್ಕೆಯೆಲ್ಲ ಕಸವೆಂದು ಬರೆದಿಟ್ಟವರು ಪಟ್ಟಿಯಲ್ಲಿದ್ದ ಒಂದು ಹೆಸರನ್ನು ಮತ್ತೆ ಓದಬೇಕು. ಆಸ್ಟ್ರೇಲಿಯಾದ ಪರ್ತ್ ಗ್ಲೋರಿಯಿಂದ ಅದೇ ವರ್ಷ ಬಂದ ರಯಾನ್ ವಿಲಿಯಮ್ಸ್, ಮುಂದಿನ ತರಬೇತುದಾರ ಜೆರಾರ್ಡ್ ಸರಗೋಸಾ ಅವರ ಕಾಲದಲ್ಲಿ ತಂಡದ ಆಧಾರಗಳಲ್ಲಿ ಒಬ್ಬರಾದರು. 2025ರ ಏಪ್ರಿಲಿನಲ್ಲಿ ಬೆಂಗಳೂರು ಮತ್ತೆ ಫೈನಲ್ ಆಡಿತು. ಮುಂಬೈಯಲ್ಲಿ ಹುಟ್ಟಿದ ತಾಯಿಯ ಮಗನಾದ ವಿಲಿಯಮ್ಸ್ ಅದೇ ವರ್ಷ ಭಾರತದ ಪೌರತ್ವವನ್ನೂ ಪಡೆದರು. ಕರೆತಂದವರು ಮನೆಗೆ ಹೋದ ಮೇಲೆ ಕರೆತಂದದ್ದರ ಬೆಲೆ ತಿಳಿಯಿತು. ಕೃಷ್ಣಗಿರಿಯ ಮಾವಿನ ರೈತನಿಗೆ ಇದು ಹೊಸ ಮಾತಲ್ಲ. ಕಸಿ ಗಿಡ ನೆಟ್ಟ ಮೊದಲ ಬೇಸಿಗೆಯಲ್ಲಿಯೇ ಹಣ್ಣಿಲ್ಲವೆಂದು ಗಿಡ ಕಿತ್ತವನು ತೋಟ ಮಾಡಲಾರ.

ಇದರ ಜೊತೆಗೆ ಅಭಿಮಾನಿ ಮರೆಯುವ ಇನ್ನೊಂದು ಸಂಗತಿಯಿದೆ. ಆಯ್ಕೆ ಎಂಬುದು ತರಬೇತುದಾರನೊಬ್ಬನ ಕೈಯಲ್ಲಿರುವ ಕೆಲಸವಲ್ಲ. ಭಾರತದ ಲೀಗಿನಲ್ಲಿ ಮೈದಾನಕ್ಕೆ ಇಳಿಯುವ ವಿದೇಶಿಯರ ಸಂಖ್ಯೆಗೆ ಮಿತಿಯಿದೆ. ಮೊದಲು ಐವರಿಗಿದ್ದ ಅವಕಾಶ 2021-22ರಿಂದ ನಾಲ್ವರಿಗೆ ಇಳಿಯಿತು. ತಂಡದ ಒಟ್ಟು ಸಂಬಳಕ್ಕೂ ಮಿತಿಯಿದೆ. ಒಳ್ಳೆಯ ಭಾರತೀಯ ಆಟಗಾರರ ಸಂಖ್ಯೆ ಕಡಿಮೆ, ಅವರಿಗಾಗಿ ಪೈಪೋಟಿ ಹೆಚ್ಚು. ಮಾಲೀಕರ ಹಣ, ಆಡಳಿತದವರ ಮಾತುಕತೆ, ಆಟಗಾರನ ಕುಟುಂಬದ ಇಷ್ಟ, ಹಳೆಯ ಕ್ಲಬ್ಬಿನ ಒಪ್ಪಿಗೆ ಇಷ್ಟೆಲ್ಲ ಕೂಡಿದಾಗ ಒಂದು ಹೆಸರು ಪಟ್ಟಿಗೆ ಸೇರುತ್ತದೆ. ಮದುವೆಯ ಅಡುಗೆ ಕೆಟ್ಟಿತೆಂದು ಅಡುಗೆಯವರನ್ನು ಬೈಯುವ ಮೊದಲು ಸಾಮಾನು ತಂದವರು ಯಾರೆಂದು ವಿಚಾರಿಸುವ ಜನ, ಫುಟ್‌ಬಾಲಿನಲ್ಲಿ ಮಾತ್ರ ಆ ವಿಚಾರಣೆಯನ್ನು ಬಿಟ್ಟುಬಿಡುತ್ತಾರೆ.

ಹಾಗಾದರೆ ತರಬೇತುದಾರನದೇ ಎಂದು ಹೇಳಬಹುದಾದದ್ದು ಯಾವುದು? ಕೈಗೆ ಬಂದವರನ್ನು ಅವನು ಏನು ಮಾಡಿದ ಎಂಬುದು. ಗ್ರೇಸನ್ ಅವರ ಅದೇ 2022-23ರಲ್ಲಿ ಇದಕ್ಕೆ ದೊಡ್ಡ ನಿದರ್ಶನವಿದೆ. ಶಿವಗಂಗೈ ಜಿಲ್ಲೆಯ ಕಂಡನೂರಿನಲ್ಲಿ ಹುಟ್ಟಿದ ಶಿವಶಕ್ತಿ ನಾರಾಯಣನ್ ಎಂಬ ಇಪ್ಪತ್ತೊಂದರ ಯುವಕ ಆಗ ತಂಡದಲ್ಲಿದ್ದ. ಗ್ರೇಸನ್ ಆ ಹುಡುಗನನ್ನು ಮೊದಲ ಹನ್ನೊಂದರಲ್ಲಿ ಆಡಿಸಿ, ದೇಶದ ಅತ್ಯಂತ ಹೆಸರಾಂತ ಆಟಗಾರ ಛೆಟ್ರಿಯವರನ್ನು ಹಲವು ಪಂದ್ಯಗಳಲ್ಲಿ ಬದಲಿ ಆಟಗಾರರಾಗಿ ಬೆಂಚಿನಲ್ಲಿ ಕೂರಿಸಿದರು. ಅಭಿಮಾನಿಗಳು ದೇವರಂತೆ ಕಾಣುವ ವ್ಯಕ್ತಿಯನ್ನು ಹೊರಗೆ ಕೂರಿಸಲು ಎಷ್ಟು ಗಟ್ಟಿತನ ಬೇಕೋ, ಆ ವ್ಯಕ್ತಿ ಮುನಿಯದಂತೆ ನೋಡಿಕೊಳ್ಳಲು ಅಷ್ಟೇ ಮೃದುತನ ಬೇಕು. ತಂಡ ಗೆದ್ದಿತು. ಛೆಟ್ರಿ ಬೆಂಚಿನಿಂದ ಎದ್ದುಬಂದು ದೊಡ್ಡ ಪಂದ್ಯಗಳನ್ನು ತಿರುಗಿಸಿದರು. ಶಿವಶಕ್ತಿ ಬೆಳೆದರು. ಈ ಕೆಲಸಕ್ಕೆ ಹಣ ಬೇಕಿರಲಿಲ್ಲ, ಮಾಲೀಕರ ಸಹಿ ಬೇಕಿರಲಿಲ್ಲ. ಇದು ಪೂರ್ತಿಯಾಗಿ ತರಬೇತುದಾರನ ಲೆಕ್ಕಕ್ಕೆ ಸೇರಬೇಕಾದ ಕೆಲಸ. ಡಿಸೆಂಬರಿನ ಸೋಲಿನ ದಿನ ಅದನ್ನು ನೆನೆದವರು ಎಷ್ಟು ಜನ?

ಇನ್ನು ಸ್ವಭಾವದ ತಕ್ಕಡಿ. ಇಲ್ಲಿ ಭಾಷೆಯೇ ಅಭಿಮಾನಿಗೆ ಮೋಸ ಮಾಡುತ್ತದೆ. ಒಂದೇ ಗುಣಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ, ಒಂದು ಹೊಗಳಿಕೆಯದು, ಇನ್ನೊಂದು ತೆಗಳಿಕೆಯದು. ಸುಮ್ಮನಿರುವವನು ಗೆದ್ದರೆ ಸಮಾಧಾನಿ, ಸೋತರೆ ನಿರುತ್ಸಾಹಿ. ಕೂಗಾಡುವವನು ಗೆದ್ದರೆ ಛಲಗಾರ, ಸೋತರೆ ಮುಂಗೋಪಿ. ಹಿಡಿದ ಪಟ್ಟು ಬಿಡದವನು ಗೆದ್ದರೆ ದೃಢಚಿತ್ತ, ಸೋತರೆ ಮೊಂಡ. ಮನುಷ್ಯ ಬದಲಾಗಿರುವುದಿಲ್ಲ, ಶಬ್ದ ಬದಲಾಗಿರುತ್ತದೆ. ಕನ್ನಡ ಓದುವ ವಿದ್ಯಾರ್ಥಿಗಳು ಈ ಶಬ್ದಗಳ ಆಟವನ್ನು ಇತರರಿಗಿಂತ ಬೇಗ ಗುರುತಿಸಬಲ್ಲರು, ಗುರುತಿಸಬೇಕು ಕೂಡ.

2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ನಡೆದದ್ದನ್ನು ಈ ದೃಷ್ಟಿಯಿಂದ ನೋಡಬಹುದು. ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಸೋತವರು ಹೊರಬೀಳುವ ಪಂದ್ಯ. ಹೆಚ್ಚುವರಿ ಅವಧಿಯ 96ನೆಯ ನಿಮಿಷದಲ್ಲಿ ಬದಲಿಯಾಗಿ ಬಂದಿದ್ದ ಛೆಟ್ರಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ಕನ್ನು ಬಲೆಗೆ ಹೊಡೆದರು. ರೆಫರಿ ಗೋಲೆಂದರು. ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಅವರಿಗೆ ಹತ್ತು ಪಂದ್ಯಗಳ ನಿಷೇಧವನ್ನೂ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿಯ ದಂಡವನ್ನೂ ವಿಧಿಸಿತು. ಆದರೆ ಕೊಚ್ಚಿಯಲ್ಲಿ ಅಭಿಮಾನಿಗಳು ಅವರನ್ನು ವೀರನಂತೆ ಬರಮಾಡಿಕೊಂಡರು. ಕೇರಳಕ್ಕೆ ಅದು ಆತ್ಮಗೌರವ, ಬೆಂಗಳೂರಿಗೆ ಅದು ಹೇಡಿತನ. ಎರಡೂ ಕಡೆಯವರು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಆ ಕೋಪದಿಂದ ಆಟಗಾರರಿಗೆ ಏನಾಯಿತು? ಇನ್ನೂ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳ ಆಟ ಉಳಿದಿತ್ತು. ಆ ನಿಮಿಷಗಳಲ್ಲಿ ಸಮಮಾಡುವ ಅವಕಾಶವನ್ನು ಆಟಗಾರರು ಕಳೆದುಕೊಂಡರು. ಕೋಪ ನ್ಯಾಯವಾದದ್ದೇ ಇರಬಹುದು. ಆದರೆ ಅದರ ಬೆಲೆಯನ್ನು ತೆತ್ತವರು ಬೇರೆಯವರು. ಸ್ವಭಾವವನ್ನು ಅಳೆಯಬೇಕಾದದ್ದು ಈ ಜಾಗದಲ್ಲಿ. ತರಬೇತುದಾರ ಎಷ್ಟು ಜೋರಾಗಿ ಕೂಗಿದ ಎಂಬುದು ಮುಖ್ಯವಲ್ಲ. ಅವನ ಕೂಗು ಆಟಗಾರನಿಗೆ ಬಲವಾಯಿತೋ ಭಾರವಾಯಿತೋ ಎಂಬುದು ಮುಖ್ಯ.

ಭಾರತದ ಫುಟ್‌ಬಾಲ್ ಕಂಡ ಅತ್ಯುತ್ತಮ ತರಬೇತುದಾರರೆಂದು ಹೆಸರಾದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರನ್ನು ಇಲ್ಲಿ ನೆನೆಯುವುದು ಉಚಿತ. ಶಾಲಾ ಶಿಕ್ಷಕರಾಗಿದ್ದ ರಹೀಮರ ಬಳಿ ಆಟಗಾರರನ್ನು ಕೊಳ್ಳುವ ಹಣವಿರಲಿಲ್ಲ, ಇದ್ದವರನ್ನು ಅರಿಯುವ ಕಣ್ಣಿತ್ತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ಬೇರೆಯವರಾಗಿದ್ದರೆ ಅವರನ್ನು ಹೊರಗೆ ಕೂರಿಸುತ್ತಿದ್ದರು. ರಹೀಮ್ ಅವರನ್ನು ಮುಂಚೂಣಿಯಲ್ಲಿ ಆಡಿಸಿದರು. ಭಾರತದ ವಿರುದ್ಧ ಕೂಗುತ್ತಿದ್ದ ಜನಸಮೂಹದ ನಡುವೆ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಾಗ, ಎರಡರಲ್ಲಿ ಒಂದು ಗೋಲು ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಅವರಿಂದಲೇ ಬಂದಿತ್ತು. ರಹೀಮ್ ಆಗ ಕ್ಯಾನ್ಸರಿನಿಂದ ಬಳಲುತ್ತಿದ್ದರು, ಮರುವರ್ಷ ತೀರಿಕೊಂಡರು. ಆಯ್ಕೆ ಮತ್ತು ಸ್ವಭಾವ ಎಂದು ಎರಡಾಗಿ ಹೇಳುವ ಗುಣಗಳು ಅವರಲ್ಲಿ ಒಂದೇ ಆಗಿದ್ದವು. ಎದುರಿಗಿರುವ ಆಟಗಾರನನ್ನು ಅವನಿಗಿಂತ ಚೆನ್ನಾಗಿ ಅರಿತಿರುವುದೇ ಆ ಗುಣ.

ಇದಕ್ಕೆ ಅಭಿಮಾನಿಯ ಆಕ್ಷೇಪವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಟಿಕೆಟಿನ ಹಣ ಕೊಟ್ಟವರು, ಬಸ್ಸಿನಲ್ಲಿ ನಿಂತು ಬಂದವರು, ಮಳೆಯಲ್ಲಿ ನೆನೆದವರು ನ್ಯಾಯಾಧೀಶರಂತೆ ತಣ್ಣಗಿರಬೇಕೆಂದು ಬಯಸುವುದು ಅತಿಯಲ್ಲವೆ? ದೊಡ್ಡ ಸಂಬಳ ಪಡೆಯುವ ತರಬೇತುದಾರನನ್ನು ಫಲಿತಾಂಶದಿಂದಲ್ಲದೆ ಇನ್ನಾವುದರಿಂದ ಅಳೆಯಬೇಕು? ಫಲವಿಲ್ಲದ ಮರಕ್ಕೆ ಎಷ್ಟು ವರ್ಷ ನೀರೆರೆಯಬೇಕು? ಪ್ರಶ್ನೆಗಳು ಸರಿಯಾಗಿಯೇ ಇವೆ. ಸೋಲಿನ ರಾತ್ರಿಯ ಸಿಟ್ಟು ಸಹಜ, ಅದಿಲ್ಲದವನು ಅಭಿಮಾನಿಯೇ ಅಲ್ಲ. ಫಲಿತಾಂಶವನ್ನು ಲೆಕ್ಕದಿಂದ ಹೊರಗಿಡಬೇಕೆಂದೂ ಯಾರೂ ಹೇಳಲಾರರು. ಐಎಸ್‌ಎಲ್ ಗೆದ್ದುಕೊಟ್ಟ ಕಾರ್ಲೆಸ್ ಕ್ವಾಡ್ರಾಟ್ ಅವರನ್ನೂ ಕ್ಲಬ್ 2021ರ ಜನವರಿಯಲ್ಲಿ ಸತತ ಸೋಲುಗಳ ನಂತರ ಬೀಳ್ಕೊಟ್ಟಿತು. 2019ರ ಮಾರ್ಚಿನಲ್ಲಿ ರಾಹುಲ್ ಭೇಕೆ ಹೆಚ್ಚುವರಿ ಅವಧಿಯಲ್ಲಿ ತಲೆಯಿಂದ ಹೊಡೆದ ಗೋಲಿನ ನೆನಪು ಆ ನಿರ್ಧಾರವನ್ನು ತಡೆಯಲಿಲ್ಲ, ತಡೆಯಬೇಕಾಗಿಯೂ ಇರಲಿಲ್ಲ. ಬದಲಾವಣೆ ಆಟದ ನಿಯಮ.

ಆದರೆ ಸಿಟ್ಟು ಬೇರೆ, ತೀರ್ಪು ಬೇರೆ. ಸಿಟ್ಟಿಗೆ ಒಂದು ರಾತ್ರಿ ಸಾಕು, ತೀರ್ಪಿಗೆ ಒಂದು ಋತು ಬೇಕು. ತೀರ್ಪಿಗೆ ಅಳತೆಗೋಲು ಆಟ ಶುರುವಾಗುವ ಮೊದಲೇ ಸಿದ್ಧವಿರಬೇಕು. ಕರೆತಂದ ಆಟಗಾರ ತಂಡದ ಯಾವ ಕೊರತೆಯನ್ನು ತುಂಬಲು ಬಂದ, ತುಂಬಿದನೆ ಎಂದು ಕೇಳಬೇಕು. ಅವನ ಹೆಸರು ಎಷ್ಟು ದೊಡ್ಡದೆಂದು ಕೇಳುವುದು ಎರಡನೆಯ ಮಾತು. ಮೊದಲೇ ತಂಡದಲ್ಲಿದ್ದವರು ವರ್ಷದ ಕೊನೆಗೆ ಮೊದಲಿಗಿಂತ ಚೆನ್ನಾಗಿ ಆಡುತ್ತಿದ್ದಾರೆಯೆ ಎಂದು ನೋಡಬೇಕು. ಸೋತ ಮರುದಿನ ತರಬೇತುದಾರ ಹೊಣೆಯನ್ನು ತಾನು ಹೊತ್ತನೆ, ಅಥವಾ ಹುಡುಗರ ಮೇಲೋ ರೆಫರಿಯ ಮೇಲೋ ಹೊರಿಸಿದನೆ ಎಂದು ಗಮನಿಸಬೇಕು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ತರಬೇತುದಾರನಿಗೂ ಅನ್ವಯಿಸುತ್ತದೆ. ಈ ಪ್ರಶ್ನೆಗಳಿಗೆಲ್ಲ ಇಲ್ಲವೆಂಬ ಉತ್ತರ ಬಂದರೆ, ಗೆಲ್ಲುತ್ತಿದ್ದರೂ ಆ ತರಬೇತುದಾರನನ್ನು ಟೀಕಿಸಬೇಕು. ಹೌದೆಂಬ ಉತ್ತರ ಬಂದರೆ, ಸೋಲುತ್ತಿದ್ದರೂ ಅವನ ಪರ ನಿಲ್ಲುವ ಧೈರ್ಯ ಬೇಕು. ಇವೆರಡೂ ಕಷ್ಟ, ಆದ್ದರಿಂದಲೇ ಇವಕ್ಕೆ ಬೆಲೆ.

ಕನ್ನಡ ವಿಭಾಗದ ಪತ್ರಿಕೆಯೊಂದರಲ್ಲಿ ಫುಟ್‌ಬಾಲಿನ ಮಾತೇಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ. ವಿಮರ್ಶೆ ಎಂಬ ಪದದ ಮೂಲದಲ್ಲಿ ಮುಟ್ಟಿ ನೋಡುವ ಅರ್ಥವಿದೆ. ದೂರದಿಂದ ಕಲ್ಲೆಸೆಯುವುದು ನಿಂದೆ, ಹತ್ತಿರ ಹೋಗಿ ಮುಟ್ಟಿ ನೋಡುವುದು ವಿಮರ್ಶೆ. ತರಗತಿಯಲ್ಲಿ ಕಾವ್ಯವನ್ನು ಮುಟ್ಟಿ ನೋಡಲು ಕಲಿಯುವವನು ಸಂಜೆ ಮೈದಾನದ ಮಾತಿನಲ್ಲಿ ಅದನ್ನು ಮರೆತರೆ ಕಲಿತದ್ದು ಪರೀಕ್ಷೆಗೆ ಮಾತ್ರವೆಂದಾಯಿತು. ಇಂದು ತರಬೇತುದಾರನನ್ನು ಅಂಕಪಟ್ಟಿಯಿಂದ ಮಾತ್ರ ಅಳೆಯುವ ಯುವಕ ನಾಳೆ ಶಿಕ್ಷಕನನ್ನು, ಊರಿನ ಪ್ರತಿನಿಧಿಯನ್ನು, ಕೊನೆಗೆ ತನ್ನ ಮಕ್ಕಳನ್ನೂ ಅದೇ ಕೋಲಿನಿಂದ ಅಳೆಯುತ್ತಾನೆ.

ಅದಕ್ಕಿಂತಲೂ ಹತ್ತಿರದ ಇನ್ನೊಂದು ಕಾರಣವಿದೆ. ಅಭಿಮಾನಿಗಳ ಮಾತು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಮಾಲೀಕರು ಅದನ್ನು ಕೇಳುತ್ತಾರೆ, ತರಬೇತುದಾರರೂ ಕೇಳುತ್ತಾರೆ. ದೂರದ ಬೆಟ್ಟ ನುಣ್ಣಗೆಂದು ಹೊರನಾಡಿನ ಹೆಸರುಗಳಿಗೆ ಮಾತ್ರ ಚಪ್ಪಾಳೆ ತಟ್ಟಿ, ಎರಡು ಸೋಲಿಗೇ ತಲೆ ಕೇಳುವ ಊರಿನಲ್ಲಿ ಯಾವ ತರಬೇತುದಾರನೂ ಹತ್ತೊಂಬತ್ತರ ಹುಡುಗನನ್ನು ಮೈದಾನಕ್ಕಿಳಿಸುವ ಸಾಹಸ ಮಾಡಲಾರ. ತನ್ನ ಕೆಲಸ ಉಳಿಸಿಕೊಳ್ಳಲು ಅವನು ಹೆಸರಾಂತ ಹಳಬನನ್ನೇ ನಂಬುತ್ತಾನೆ. ಹಿತ್ತಲ ಗಿಡ ಮದ್ದಾಗುವುದು ಅದನ್ನು ಅರೆದು ನೋಡುವ ತಾಳ್ಮೆಯಿದ್ದಾಗ ಮಾತ್ರ. ಕಂಡನೂರಿನ ಹುಡುಗನೊಬ್ಬ ಕಂಠೀರವದಲ್ಲಿ ಆಡುವಂತಾದದ್ದು ಒಬ್ಬ ತರಬೇತುದಾರನಿಗೆ ಆ ತಾಳ್ಮೆಯಿದ್ದುದರಿಂದ. ತಳಿಯಲ್ಲಿ, ಬಾಗಲೂರಿನಲ್ಲಿ, ಡೆಂಕಣಿಕೋಟೆಯಲ್ಲಿ ಶಾಲೆಯ ಬಯಲಿನಲ್ಲಿ ಬರಿಗಾಲಲ್ಲಿ ಚೆಂಡೊದೆಯುವ ಹುಡುಗ ಹುಡುಗಿಯರಿಗೂ ಅಂಥ ಬಾಗಿಲು ತೆರೆಯಬೇಕಾದರೆ, ಅದನ್ನು ತೆರೆಯುವ ತರಬೇತುದಾರನಿಗೆ ಸೋಲುವ ಒಂದಷ್ಟು ಅವಕಾಶವನ್ನು ಕೊಡಬಲ್ಲ ಅಭಿಮಾನಿಗಳು ಬೇಕು.